ಅಶೋಕ್ ಕುಮಾರ್ ಮೇಲೊಂದು ದಾವೆ

2011ರ ನವೆಂಬರ್‌ನಲ್ಲಿ ಒಂದು ತಮಿಳು ಹಾಡು, ಚಿತ್ರ ತೆರೆಗೆ ಬರುವುದಕ್ಕೆ ನಾಲ್ಕು ತಿಂಗಳಿಗೂ ಮೊದಲೇ ಅಂತರ್ಜಾಲಕ್ಕೆ ಸೋರಿಹೋಯಿತು. ಪೂರ್ತಿ ಸಿದ್ಧವಾಗದ, ಸ್ಟುಡಿಯೊದ ಕರಡು ಪ್ರತಿ ಅದು. ಚಿತ್ರತಂಡ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ನವೆಂಬರ್ 16ರಂದು ತಾನೇ ಆ ಹಾಡನ್ನು ಯೂಟ್ಯೂಬ್‌ನಲ್ಲಿ ಬಿಡುಗಡೆ ಮಾಡಿತು. 'ವೈ ದಿಸ್ ಕೊಲವೆರಿ ಡಿ' ಕೆಲವೇ ದಿನಗಳಲ್ಲಿ ದೇಶದ ಗಡಿ ದಾಟಿತು. ಧನುಷ್ ಹಾಡಿದ್ದು, ಆಗಿನ್ನೂ ಹೊಸಬರಾಗಿದ್ದ ಅನಿರುದ್ಧ್ ರಾಗ ಹಾಕಿದ್ದು. ತಮಿಳು ಬಾರದವರ ಬಾಯಲ್ಲೂ ಅದೇ ಹಾಡು. ಪುಕ್ಕಟೆಯಾಗಿ ಕೈಯಿಂದ ಕೈಗೆ ದಾಟಿಯೇ ಅದು ಅಷ್ಟು ಎತ್ತರ ಏರಿತ್ತು.

ಆ ಹಾಡಿದ್ದ ಚಿತ್ರದ ಹೆಸರು '3'. ಅದು ತೆರೆಗೆ ಬಂದಿದ್ದು 2012ರ ಮಾರ್ಚ್ 30ರಂದು. ಬಿಡುಗಡೆಯ ಹೊಸ್ತಿಲಲ್ಲಿ ನಿರ್ಮಾಣ ಸಂಸ್ಥೆ ಆರ್.ಕೆ. ಪ್ರೊಡಕ್ಷನ್ಸ್ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿ, ತಮ್ಮ ಚಿತ್ರವನ್ನು ಯಾರೂ ಅಂತರ್ಜಾಲದಲ್ಲಿ ಹಂಚದಂತೆ ತಡೆಯಾಜ್ಞೆ ಕೇಳಿತು. ಪ್ರತಿವಾದಿಗಳು ಬಿಎಸ್‌ಎನ್‌ಎಲ್ ಮತ್ತು ಇತರ 19 ಮಂದಿ. ಹೆಚ್ಚಿನವರು ಅಂತರ್ಜಾಲ ಸಂಪರ್ಕ ಕೊಡುವ ಕಂಪನಿಗಳು. ಉಳಿದವರು ಯಾರೆಂದು ದಾವೆ ಹೂಡಿದವರಿಗೇ ಗೊತ್ತಿರಲಿಲ್ಲ. ಅಂಥ ಗುರುತಿಲ್ಲದವರಿಗೆ ನಮ್ಮ ನ್ಯಾಯಾಲಯಗಳಲ್ಲಿ ಒಂದು ಹೆಸರಿದೆ: ಅಶೋಕ್ ಕುಮಾರ್.

ಇಂಗ್ಲೆಂಡ್ ಅಮೆರಿಕಗಳಲ್ಲಿ ಇವನನ್ನು ಜಾನ್ ಡೋ ಎನ್ನುತ್ತಾರೆ. ಭಾರತದಲ್ಲಿ ಇಂಥ ಆದೇಶ ಮೊದಲು ಹೊರಟಿದ್ದು 2002ರಲ್ಲಿ, ದೆಹಲಿ ಹೈಕೋರ್ಟಿನಿಂದ. ಆ ವರ್ಷದ ವಿಶ್ವಕಪ್ ಫುಟ್‌ಬಾಲ್ ಪ್ರಸಾರದ ಹಕ್ಕು ಟೆನ್ ಸ್ಪೋರ್ಟ್ಸ್ ವಾಹಿನಿಯ ಕೈಯಲ್ಲಿತ್ತು. ಊರೂರಿನ ಕೇಬಲ್‌ನವರು ಕಾಸು ಕೊಡದೆ ಪಂದ್ಯ ತೋರಿಸುತ್ತಿದ್ದರು. ಸಾವಿರಾರು ಕೇಬಲ್‌ನವರಲ್ಲಿ ಯಾರ ಹೆಸರಲ್ಲಿ ದಾವೆ ಹೂಡುವುದು? ಆಗ ಹುಟ್ಟಿದ ಉಪಾಯ ಇದು. ಹೆಸರಿಲ್ಲದ ಆದೇಶವನ್ನು ಮೊದಲು ಪಡೆದುಕೊಳ್ಳುವುದು, ಆಮೇಲೆ ಸಿಕ್ಕಿಬಿದ್ದವನ ಮೇಲೆ ಅದನ್ನು ಜಾರಿ ಮಾಡುವುದು. ಕೇಬಲ್‌ನವನಿಗಾದರೂ ಒಂದು ಓಣಿ, ಒಂದು ಮನೆ, ಗೋಡೆಗೆ ಹೊಡೆದ ಒಂದು ತಂತಿ ಇರುತ್ತದೆ. ಅಂತರ್ಜಾಲದ ಅಶೋಕ್ ಕುಮಾರನಿಗೆ ಅದೂ ಇಲ್ಲ.

ಹೀಗಾಗಿ ಮದ್ರಾಸಿನ ಆದೇಶ ಹೋಗಿ ಕೂತಿದ್ದು ವಿಳಾಸ ಇದ್ದವರ ತಲೆಯ ಮೇಲೆ. 2012ರ ಮೇ ತಿಂಗಳಲ್ಲಿ ದೇಶದ ಹಲವು ಕಡೆ ಕಳವಿನ ಪ್ರತಿಗಳಿಗೆ ಹೆಸರಾದ ಪೈರೇಟ್ ಬೇ ಮಾತ್ರವಲ್ಲ, ವಿಡಿಯೊ ಇಡುವ ವಿಮಿಯೊ, ಡೈಲಿಮೋಷನ್‌ನಂಥ ತಾಣಗಳೂ ತೆರೆಯದಾದವು. ನ್ಯಾಯಾಲಯ ಯಾವ ತಾಣದ ಹೆಸರನ್ನೂ ಹೇಳಿರಲಿಲ್ಲ. ಚಿತ್ರೋದ್ಯಮದ ಪರವಾಗಿ ಪೈರಸಿ ಹುಡುಕುತ್ತಿದ್ದ ಚೆನ್ನೈನ ಸಂಸ್ಥೆಯೊಂದು ಕೊಟ್ಟ ಪಟ್ಟಿ ಹಿಡಿದು, ತಮ್ಮ ಮೇಲೆ ನ್ಯಾಯಾಂಗ ನಿಂದನೆ ಬಂದೀತೆಂಬ ಅಂಜಿಕೆಯಿಂದ ಕಂಪನಿಗಳು ಇಡೀ ತಾಣಗಳಿಗೇ ಬೀಗ ಹಾಕಿದ್ದವು. ತಮ್ಮ ಮಗುವಿನ ಹುಟ್ಟುಹಬ್ಬದ ವಿಡಿಯೊವನ್ನು ವಿಮಿಯೊದಲ್ಲಿ ಇಟ್ಟಿದ್ದವರಿಗೂ ಬಾಗಿಲು ಬಂದ್. ಸಿಟ್ಟಿಗೆದ್ದ 'ಅನಾನಿಮಸ್' ಎಂಬ ಹ್ಯಾಕರ್ ಗುಂಪು ಸುಪ್ರೀಂ ಕೋರ್ಟಿನ ಜಾಲತಾಣದ ಮೇಲೇ ಎರಗಿತು. ಜೂನ್ 9ರಂದು ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಯುವಕರು ಮುಖವಾಡ ಹಾಕಿಕೊಂಡು ಬೀದಿಗಿಳಿದರು. ಜೂನ್ 22ರಂದು ಹೈಕೋರ್ಟ್ ತನ್ನ ಆದೇಶವನ್ನು ಬಿಡಿಸಿ ಹೇಳಿತು. ಅಕ್ರಮ ಪ್ರತಿ ಇರುವ ನಿರ್ದಿಷ್ಟ ಪುಟದ ವಿಳಾಸ ಕೊಡಬೇಕು, ಅದನ್ನು ಮಾತ್ರ ತಡೆಯಬೇಕು, ಇಡೀ ತಾಣವನ್ನಲ್ಲ.

ಸೋರಿಕೆಯಿಂದಲೇ ಲೋಕವಿಖ್ಯಾತವಾದ ಹಾಡು, ಅದೇ ಹಾಡಿನ ಚಿತ್ರಕ್ಕೆ ಸೋರಿಕೆಯ ಭಯ. ಅಂತರ್ಜಾಲದ ಸಂಗೀತ ಕಳವಿನ ಎಲ್ಲ ತೊಡಕೂ ಈ ಒಂದು ಪ್ರಕರಣದಲ್ಲಿದೆ.

ಮದ್ರಾಸ್ ಹೈಕೋರ್ಟಿನ ವ್ಯಾಪ್ತಿಗೆ ನೀಲಗಿರಿ ಜಿಲ್ಲೆಯೂ ಬರುತ್ತದೆ. ಊಟಿಯಿಂದ ಎಮರಾಲ್ಡ್ ಕಡೆಗೆ ಹೋಗುವ ದಾರಿಯಲ್ಲಿ, ಟೀ ತೋಟಗಳ ನಡುವೆ ಇರುವ ಇತ್ತಲಾರ್‌ನಂಥ ಬಡಗರ ಹಟ್ಟಿಯಲ್ಲಿ ಕೂತವರಿಗೂ ಆ ಮೇ ತಿಂಗಳಲ್ಲಿ ತೆರೆಯದಿದ್ದದ್ದು ಅದೇ ತಾಣಗಳು. ಆದರೆ ನಿಜ ಹೇಳಬೇಕೆಂದರೆ, 2012ರಲ್ಲಿ ಇಂಥ ಊರುಗಳಲ್ಲಿ ಹಾಡು ಬರುತ್ತಿದ್ದದ್ದು ಪೈರೇಟ್ ಬೇಯಿಂದಲ್ಲ. ಪೇಟೆಯ ಮೊಬೈಲ್ ಅಂಗಡಿಯಿಂದ. ಸಿಮ್ ರೀಚಾರ್ಜ್ ಮಾಡುವ, ಸ್ಕ್ರೀನ್‌ಗಾರ್ಡ್ ಅಂಟಿಸುವ ಅದೇ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇರುತ್ತಿತ್ತು. ಮೆಮೊರಿ ಕಾರ್ಡ್ ಬಿಚ್ಚಿ ಕೊಟ್ಟು, ಹತ್ತೋ ಇಪ್ಪತ್ತೋ ರೂಪಾಯಿ ಇಟ್ಟರೆ ಕಾರ್ಡ್ ತುಂಬ ಹಾಡು. ದಕ್ಷಿಣ ಭಾರತದ ಸಣ್ಣ ಪೇಟೆಗಳಲ್ಲೆಲ್ಲ ಒಂದು ಪೀಳಿಗೆಯ ಸಂಗೀತ ಭಂಡಾರ ಬೆಳೆದದ್ದು ಹೀಗೆ. ಇಂಟರ್‌ನೆಟ್ ಅಂಗಡಿಯವನ ಹತ್ತಿರ ಮಾತ್ರ ಇದ್ದರೆ ಸಾಕಾಗಿತ್ತು. ಅಲ್ಲಿಂದಾಚೆ ಹಾಡು ಕೈಯಿಂದ ಕೈಗೆ, ಬ್ಲೂಟೂತ್‌ನಿಂದ ಬ್ಲೂಟೂತ್‌ಗೆ ಹಾರುತ್ತಿತ್ತು.

ಹಾಡಿನ ಕಂಪನಿಗಳಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಅವುಗಳ ಒಕ್ಕೂಟ 1936ರಿಂದಲೂ ಇದೆ. ಗ್ರಾಮಫೋನ್ ತಟ್ಟೆಯ ಕಾಲದಿಂದ ಕ್ಯಾಸೆಟ್, ಸಿ.ಡಿ., ಪೆನ್‌ಡ್ರೈವ್‌ಗಳವರೆಗೆ ಎಲ್ಲ ಬಗೆಯ ಕಳವನ್ನೂ ಅದು ಕಂಡಿದೆ. ಅಂಗಡಿಗಳ ಮೇಲೆ ದಾಳಿ ಮಾಡಿಸುವುದರ ಜೊತೆಗೆ, ಮೊಬೈಲ್ ಅಂಗಡಿಯವರಿಗೇ ಪರವಾನಗಿ ಮಾರಿ ಕಾನೂನುಬದ್ಧವಾಗಿ ಕಾರ್ಡ್ ತುಂಬಿಸುವ ಯೋಜನೆಯನ್ನೂ ಅದು ಮಾಡಿ ನೋಡಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ ಕೃತಿಚೌರ್ಯಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಇಪ್ಪತ್ತು ರೂಪಾಯಿಯ ವ್ಯಾಪಾರಕ್ಕೆ ಇದು ದೊಡ್ಡ ಶಿಕ್ಷೆಯೇ. ಲಾಭಕ್ಕಾಗಿ ಮಾಡಿದ್ದಲ್ಲ ಎಂದು ಕಂಡುಬಂದರೆ ನ್ಯಾಯಾಧೀಶರು ಕಾರಣ ಬರೆದು ಶಿಕ್ಷೆ ತಗ್ಗಿಸಬಹುದು. ಅಂಗಡಿಯವನಿಗೆ ಆ ರಿಯಾಯಿತಿ ಸಿಗುವುದಿಲ್ಲ, ಅವನು ಕಾಸು ಎಣಿಸಿಕೊಂಡಿದ್ದಾನೆ.

ಇದರಲ್ಲೊಂದು ಹಳೆಯ ತಮಾಷೆಯೂ ಇದೆ. ಇವತ್ತು ಹಾಡಿನ ಹಕ್ಕಿನ ಬಗ್ಗೆ ಅತಿ ಹೆಚ್ಚು ಎಚ್ಚರ ವಹಿಸುವ ಕಂಪನಿಗಳಲ್ಲೊಂದಾದ ಟಿ-ಸೀರೀಸ್ 1980ರ ದಶಕದಲ್ಲಿ ಬೆಳೆದದ್ದು ಎಚ್‌ಎಂವಿಯ ಏಕಸ್ವಾಮ್ಯವನ್ನು ಅಗ್ಗದ ಕ್ಯಾಸೆಟ್ಟಿನಿಂದ ಮುರಿದು. ಹಳೆಯ ಹಿಂದಿ ಹಾಡುಗಳನ್ನು ಹೊಸ ಗಾಯಕರಿಂದ ಮತ್ತೆ ಹಾಡಿಸಿ, ಕಾಯ್ದೆಯ 52ನೇ ಕಲಮಿನಲ್ಲಿದ್ದ ಒಂದು ಕಿಂಡಿಯನ್ನು ಹಿಡಿದು ಅದು ಮಾರುಕಟ್ಟೆಗೆ ನುಗ್ಗಿತ್ತು. ಕಿಂಡಿ ಯಾವುದು, ಕಳವು ಯಾವುದು ಎಂಬ ತಂಟೆ ಅಂದಿನಿಂದಲೂ ಹರಿದಿಲ್ಲ.

ಅದೇ ಟಿ-ಸೀರೀಸ್ 2010ರಲ್ಲಿ ಬೆಂಗಳೂರಿನ ಒಂದು ಕಂಪನಿಯ ಮೇಲೆ ದೂರು ಕೊಟ್ಟಿತು. ಗುರೂಜಿ ಡಾಟ್ ಕಾಮ್ ಎಂಬ ಈ ಹುಡುಕುತಾಣವನ್ನು 2006ರಲ್ಲಿ ದೆಹಲಿ ಐಐಟಿಯಲ್ಲಿ ಓದಿದವರು ಕಟ್ಟಿದ್ದರು. ಗೂಗಲ್‌ಗೆ ಸಡ್ಡು ಹೊಡೆಯುವ ಭಾರತೀಯ ತಾಣ ಎಂದು ಪತ್ರಿಕೆಗಳು ಹೊಗಳಿದ್ದವು. ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಹುಡುಕುವ ಸೌಲಭ್ಯ ಅದರಲ್ಲಿತ್ತು. ಹಾಡು ಹುಡುಕುವುದಕ್ಕೆ ಬೇರೆಯೇ ವಿಭಾಗವಿತ್ತು. ಹಾಡಿನ ಹೆಸರು ಹಾಕಿದರೆ, ಎಲ್ಲೆಲ್ಲೋ ಇದ್ದ ತಾಣಗಳಲ್ಲಿನ ಪ್ರತಿಗಳ ಕೊಂಡಿ ಬಂದು ಬೀಳುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಬೆಂಗಳೂರು ಪೊಲೀಸರು ಕಂಪನಿಯ ಮುಖ್ಯಸ್ಥರನ್ನೇ, ಜೊತೆಗೆ ಇನ್ನೂ ಕೆಲವರನ್ನು ಬಂಧಿಸಿದರು.

ಈ ಬಂಧನ ಆಗ ಬೆಂಗಳೂರಿನ ಸಾಫ್ಟ್‌ವೇರ್ ವಲಯವನ್ನು ಬೆಚ್ಚಿಬೀಳಿಸಿತು. ಕೊಂಡಿ ಕೊಡುವುದೂ ಕಳವೇ? ದಾರಿ ತೋರಿಸಿದವನು ಕಳ್ಳನಾಗುತ್ತಾನೆಯೇ? ಹಾಡಿನ ಕಂಪನಿಗಳ ವಾದ ಸರಳವಾಗಿತ್ತು: ಹಾಡಿಗೆಂದೇ ವಿಭಾಗ ಮಾಡಿ, ಅದರ ಪಕ್ಕ ಜಾಹೀರಾತು ಹಾಕಿ ಕಾಸು ಮಾಡುವವನು ಬರೀ ದಾರಿಹೋಕನಲ್ಲ. ತಾಣದವರ ವಾದವೂ ಸರಳ: ನಮ್ಮ ಕಂಪ್ಯೂಟರಿನಲ್ಲಿ ಒಂದು ಹಾಡೂ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗೂಗಲ್ ಭಾರತದಲ್ಲಿ ತನ್ನದೇ ಹಾಡು ಹುಡುಕುವ ಸೇವೆ ತೆರೆದಾಗ ಸರೆಗಮ, ಸಾವನ್‌ನಂಥ, ಹಕ್ಕು ಪಡೆದ ತಾಣಗಳ ಕೊಂಡಿ ಮಾತ್ರ ತೋರಿಸುವ ಒಪ್ಪಂದ ಮಾಡಿಕೊಂಡಿತು. ದೊಡ್ಡವನು ಪರವಾನಗಿಯ ದಾರಿ ಹಿಡಿದ. ಗುರೂಜಿಯ ಹೆಸರು ಕ್ರಮೇಣ ಜನರ ನೆನಪಿನಿಂದಲೇ ಅಳಿಯಿತು.

ದಾರಿ ತೋರಿಸುವವನ ಮೇಲಿನ ಜಗಳ ನಮ್ಮಲ್ಲಿ ಹುಟ್ಟಿದ್ದಲ್ಲ. 1999ರ ಜೂನ್‌ನಲ್ಲಿ ಅಮೆರಿಕದಲ್ಲಿ ಕಾಲೇಜು ಬಿಟ್ಟ ಹುಡುಗ ಶಾನ್ ಫ್ಯಾನಿಂಗ್ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಬಿಟ್ಟಾಗ ಇದು ಶುರುವಾಯಿತು. ನ್ಯಾಪ್‌ಸ್ಟರ್ ಹಾಡು ಇಟ್ಟುಕೊಳ್ಳುತ್ತಿರಲಿಲ್ಲ. ಯಾರ ಕಂಪ್ಯೂಟರಿನಲ್ಲಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಅದರ ಹತ್ತಿರ ಇರುತ್ತಿತ್ತು, ಹಾಡು ಒಬ್ಬನಿಂದ ಇನ್ನೊಬ್ಬನಿಗೆ ನೇರ ಹೋಗುತ್ತಿತ್ತು. ಡಿಸೆಂಬರ್‌ನಲ್ಲೇ ಕಂಪನಿಗಳು ದಾವೆ ಹೂಡಿದವು. ಮೆಟಾಲಿಕಾ ಎಂಬ ರಾಕ್ ತಂಡವೂ ನ್ಯಾಪ್‌ಸ್ಟರ್ ಮೇಲೆ ಕೋರ್ಟಿಗೆ ಹೋಗಿ, ತನ್ನ ಹಾಡು ಹಂಚಿದ 3,35,435 ಬಳಕೆದಾರರ ಹೆಸರುಗಳನ್ನು ಮುದ್ರಿಸಿ ಪೆಟ್ಟಿಗೆಗಟ್ಟಲೆ ಕಾಗದವನ್ನು ನ್ಯಾಪ್‌ಸ್ಟರ್ ಕಚೇರಿಗೆ ತಲುಪಿಸಿತು. ಯಾರ ಹತ್ತಿರ ಯಾವ ಹಾಡಿದೆ ಎಂಬ ಪಟ್ಟಿ ನ್ಯಾಪ್‌ಸ್ಟರ್‌ನ ಸ್ವಂತ ಕಂಪ್ಯೂಟರಿನಲ್ಲಿತ್ತು ಎಂಬುದೇ ಅದಕ್ಕೆ ಮುಳುವಾಯಿತು. ಬೇಕೆಂದರೆ ತಡೆಯಬಹುದಿತ್ತಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2001ರ ಫೆಬ್ರುವರಿಯಲ್ಲಿ ಹೇಳಿತು. ಜುಲೈಗೆ ಅಂಗಡಿ ಮುಚ್ಚಿತು.

ಮುಂದೆ ಬಂದವರು ಪಟ್ಟಿಯನ್ನೇ ಇಟ್ಟುಕೊಳ್ಳಲಿಲ್ಲ. ಟೊರೆಂಟ್ ಎಂಬ ವಿಧಾನದಲ್ಲಿ ಒಂದು ಕಡತ ನೂರಾರು ಚೂರಾಗಿ ನೂರಾರು ಜನರ ಕಂಪ್ಯೂಟರಿನಲ್ಲಿ ಹರಡಿರುತ್ತದೆ. ಇಳಿಸಿಕೊಳ್ಳುವವನು ಅದೇ ಹೊತ್ತಿನಲ್ಲಿ ಇನ್ನೊಬ್ಬನಿಗೆ ಚೂರುಗಳನ್ನು ಹಂಚುತ್ತಲೂ ಇರುತ್ತಾನೆ. ಎಷ್ಟೋ ಮಂದಿಗೆ ಈ ಎರಡನೆಯ ಭಾಗ ಗೊತ್ತೇ ಇರುವುದಿಲ್ಲ. ತಾವು ಕೇಳುವವರೆಂದು ಅಂದುಕೊಂಡಿರುತ್ತಾರೆ, ಕಾನೂನಿನ ಕಣ್ಣಿನಲ್ಲಿ ಹಂಚುವವರೂ ಆಗಿರುತ್ತಾರೆ. ಅಮೆರಿಕದ ಕಂಪನಿಗಳು 2003ರ ಸೆಪ್ಟೆಂಬರ್‌ನಲ್ಲಿ ಒಂದೇ ಏಟಿಗೆ 261 ಮಂದಿ ಸಾಮಾನ್ಯ ಬಳಕೆದಾರರ ಮೇಲೆ ದಾವೆ ಹೂಡಿದ್ದು ಇದೇ ತರ್ಕದಿಂದ. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೂ ಒಬ್ಬಳು. ತಾಯಿ 2,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಳು. ಮಿನ್ನೆಸೋಟದ ಇನ್ನೊಬ್ಬ ಮಹಿಳೆ ರಾಜಿಗೆ ಒಪ್ಪದೆ ಹೋರಾಡಿದರು. 24 ಹಾಡಿಗೆ 2007ರಲ್ಲಿ ಬಿದ್ದದ್ದು 2,22,000 ಡಾಲರ್ ಪರಿಹಾರದ ತೀರ್ಪು. 2009ರ ಮರುವಿಚಾರಣೆಯಲ್ಲಿ 19.2 ಲಕ್ಷ ಡಾಲರ್. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ 2,22,000ಕ್ಕೆ ತಂದು ನಿಲ್ಲಿಸಿತು. ಒಂದು ಹಾಡಿಗೆ 9,250 ಡಾಲರ್! ಕಂಪನಿಗಳು ಮೊಕದ್ದಮೆ ಗೆದ್ದವು, ಆದರೆ ಹಾಡು ಕೇಳುವವರ ಪ್ರೀತಿಯನ್ನು ಕಳೆದುಕೊಂಡವು. ನಮ್ಮಲ್ಲಿ ಕೇಳುಗರ ಮೇಲೆ ಹೀಗೆ ಸಾಲುಸಾಲಾಗಿ ದಾವೆ ಹೂಡುವ ಸಾಹಸಕ್ಕೆ ಯಾರೂ ಕೈಹಾಕದಿದ್ದದ್ದು ಒಳ್ಳೆಯದೇ ಆಯಿತು.

ಟೊರೆಂಟ್ ತಾಣವಾದ ಪೈರೇಟ್ ಬೇ ನಡೆಸುತ್ತಿದ್ದವರಿಗೆ 2009ರ ಏಪ್ರಿಲ್ 17ರಂದು ಸ್ಟಾಕ್‌ಹೋಮ್ ನ್ಯಾಯಾಲಯ ಒಂದು ವರ್ಷದ ಸೆರೆವಾಸ ವಿಧಿಸಿತು. ತಾಣ ಮಾತ್ರ ನಡೆಯುತ್ತಲೇ ಇತ್ತು.

ಭಾರತದಲ್ಲಿ ಸಂಗೀತದ ಮಟ್ಟಿಗೆ ಆ ಕಾಲದ ದೊಡ್ಡ ಗುರಿ ಸಾಂಗ್ಸ್ ಡಾಟ್ ಪಿಕೆ. ಅದರಲ್ಲಿ ಟೊರೆಂಟ್‌ನ ರಗಳೆ ಇರಲಿಲ್ಲ. ಚಿತ್ರದ ಹೆಸರು, ಹಾಡಿನ ಪಟ್ಟಿ, ಒತ್ತಿದರೆ ಡೌನ್‌ಲೋಡ್, ಅಷ್ಟೇ. ಮೊಬೈಲ್ ಅಂಗಡಿಯ ಕಂಪ್ಯೂಟರಿಗೆ ಹಾಡು ಇಳಿಯುತ್ತಿದ್ದದ್ದು ಇಂಥ ತಾಣಗಳಿಂದಲೇ. ತಾಣದವರು ದೇಶದ ಕಾನೂನಿನ ಕೈಗೆ ಸಿಗುವವರಲ್ಲ. ಸಂಗೀತ ಒಕ್ಕೂಟ ಕಲ್ಕತ್ತಾ ಹೈಕೋರ್ಟಿಗೆ ಹೋಗಿ, 2012ರ ಜನವರಿ 27ರಂದು ಅಂತರ್ಜಾಲ ಕಂಪನಿಗಳಿಗೇ ಆದೇಶ ಕೊಡಿಸಿತು. ಮಾರ್ಚ್ ಹೊತ್ತಿಗೆ ಹೀಗೆ ತಡೆಯಬೇಕಾದ ತಾಣಗಳ ಸಂಖ್ಯೆ 104ಕ್ಕೆ ಏರಿತ್ತು. ಇಲ್ಲೊಂದು ತಾಂತ್ರಿಕ ಸಂಗತಿ ತಿಳಿದಿರಬೇಕು. ತಾಣವನ್ನು ತಡೆಯುವುದೆಂದರೆ ಸಾಮಾನ್ಯವಾಗಿ, ಅದರ ಹೆಸರು ಕೇಳಿದಾಗ ವಿಳಾಸ ಹೇಳಬೇಡವೆಂದು ಕಂಪನಿಯ ಯಂತ್ರಕ್ಕೆ ತಿಳಿಸುವುದು. ತಾಣ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹೆಸರಿನ ಬಾಲ ಬದಲಿಸಿಕೊಂಡು, ಪಿಕೆ ಇದ್ದದ್ದನ್ನು ಇನ್ನೇನೋ ಮಾಡಿಕೊಂಡು ಮರುದಿನ ಬರಬಹುದು. ನ್ಯಾಯಾಲಯ ಚಾಪೆಯ ಕೆಳಗೆ ತೂರಿದರೆ ತಾಣಗಳು ರಂಗೋಲಿಯ ಕೆಳಗೆ ತೂರಿದವು.

ಸಂಸತ್ತು ಅದೇ ವರ್ಷ ಕೃತಿಸ್ವಾಮ್ಯ ಕಾಯ್ದೆಯನ್ನು ತಿದ್ದಿತು. ಜೂನ್ 21ರಿಂದ ಜಾರಿಗೆ ಬಂದ ಈ ತಿದ್ದುಪಡಿ ಹೆಚ್ಚಾಗಿ ನೆನಪಾಗುವುದು ಗೀತರಚನಕಾರರಿಗೂ ಸಂಯೋಜಕರಿಗೂ ರಾಯಲ್ಟಿಯ ಹಕ್ಕನ್ನು ಬರೆದುಕೊಟ್ಟರೂ ಹೋಗದಂತೆ ಮಾಡಿದ್ದಕ್ಕೆ. ಅದರ ಜೊತೆಗೆ ಅಂತರ್ಜಾಲದ ಮಟ್ಟಿಗೆ ಒಂದು ನಡುದಾರಿಯನ್ನೂ ಅದು ತೋರಿಸಿತು. ಕೊಂಡಿ ಕೊಡುವ ಅಥವಾ ತಾತ್ಕಾಲಿಕವಾಗಿ ಕೃತಿ ಇಟ್ಟುಕೊಳ್ಳುವ ತಾಣಕ್ಕೆ ಹಕ್ಕುದಾರ ಲಿಖಿತ ದೂರು ಕೊಟ್ಟರೆ (2013ರ ನಿಯಮಗಳ ಪ್ರಕಾರ 36 ಗಂಟೆಯೊಳಗೆ) ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ಹಕ್ಕುದಾರ ನ್ಯಾಯಾಲಯದ ಆದೇಶ ತರದಿದ್ದರೆ ತಾಣ ಮತ್ತೆ ತೆರೆಯಬಹುದು. 2016ರ ಡಿಸೆಂಬರ್‌ನಲ್ಲಿ ಮೈಸ್ಪೇಸ್ ಎಂಬ ತಾಣದ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನು ಇನ್ನಷ್ಟು ಖಚಿತಗೊಳಿಸಿತು. ಅಲ್ಲೂ ವಾದಿ ಟಿ-ಸೀರೀಸೇ. ಲಕ್ಷಗಟ್ಟಲೆ ಜನ ತುಂಬುವ ತಾಣದಲ್ಲಿ ಕಳವಿನ ಹಾಡು ಇರಬಹುದೆಂಬ ಸಾಮಾನ್ಯ ಅರಿವು ಸಾಲದು. ಇಂಥ ಹಾಡು, ಇಂಥ ಜಾಗದಲ್ಲಿ ಇದೆ ಎಂದು ನಿರ್ದಿಷ್ಟವಾಗಿ ತಿಳಿಸಿದ ಮೇಲೂ ತೆಗೆಯದಿದ್ದರೆ ಮಾತ್ರ ತಾಣ ತಪ್ಪಿತಸ್ಥ. 2011ರಲ್ಲಿ ಏಕಸದಸ್ಯ ಪೀಠ ಹೇಳಿದ್ದು ಇದರ ತದ್ವಿರುದ್ಧ.

ಆದರೂ ಅಶೋಕ್ ಕುಮಾರನ ಮೇಲಿನ ಆದೇಶಗಳು ನಿಲ್ಲಲಿಲ್ಲ. ಪ್ರತಿ ದೊಡ್ಡ ಚಿತ್ರದ ಬಿಡುಗಡೆಗೂ ಮೊದಲು ಇದು ಪೂಜೆ, ಮುಹೂರ್ತದಂತೆ ನಡೆದೇ ಇತ್ತು. 2016ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ 'ಡಿಶೂಮ್' ಚಿತ್ರದ ಅರ್ಜಿ ಬಂದಾಗ, ಪಟ್ಟಿಯಲ್ಲಿರುವ ಒಂದೊಂದು ಕೊಂಡಿಯನ್ನೂ ಪರಿಶೀಲಿಸಿ ಪ್ರಮಾಣಪತ್ರ ಕೊಡಿ ಎಂದು ಪಟ್ಟು ಹಿಡಿದರು. ಮರುವರ್ಷ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶ ನೋಡಿದರೆ ಆ ಪಟ್ಟು ಏಕೆ ಬೇಕಿತ್ತೆಂದು ತಿಳಿಯುತ್ತದೆ. ಎರಡು ಹಿಂದಿ ಚಿತ್ರಗಳ ರಕ್ಷಣೆಗೆಂದು 2,600ಕ್ಕೂ ಹೆಚ್ಚು ತಾಣಗಳನ್ನು ತಡೆಯಲಾಯಿತು. ಆ ಪಟ್ಟಿಯಲ್ಲಿ ಇಂಟರ್‌ನೆಟ್ ಆರ್ಕೈವ್ ಕೂಡ ಇತ್ತು. ಲಕ್ಷಾಂತರ ಹಳೆಯ ಪುಸ್ತಕ, ಹಳೆಯ ಧ್ವನಿಮುದ್ರಣಗಳನ್ನು ಉಚಿತವಾಗಿ ಕೊಡುವ ಲಾಭರಹಿತ ಗ್ರಂಥಾಲಯ ಅದು. ಕನ್ನಡದ ಎಷ್ಟೋ ಅಲಭ್ಯ ಪುಸ್ತಕಗಳು ಇವತ್ತು ಓದಲು ಸಿಗುವುದು ಅಲ್ಲೇ. ಅದನ್ನೂ ಕಳ್ಳರ ಸಾಲಿಗೆ ಸೇರಿಸಿದ ಪಟ್ಟಿಯನ್ನು ಯಾರಾದರೂ ಕಣ್ಣು ತೆರೆದು ಓದಿದ್ದರೇ ಎಂಬ ಅನುಮಾನ ಬರುತ್ತದೆ.

ಚಾಪೆ ರಂಗೋಲಿಯ ಆಟಕ್ಕೆ ಒಂದು ಉತ್ತರ ಬಂದದ್ದು 2019ರ ಏಪ್ರಿಲ್ 10ರಂದು. ಯುಟಿವಿ ಸಂಸ್ಥೆ 30 ತಾಣಗಳ ಮೇಲೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಮನಮೋಹನ್, ಪೂರ್ತಿಯಾಗಿ ಕಳವಿಗೆಂದೇ ನಿಂತ ತಾಣಗಳನ್ನು ಬೇರೆಯಾಗಿ ಗುರುತಿಸುವ ಲಕ್ಷಣಗಳನ್ನು ಬರೆದರು. ನಡೆಸುವವರು ಗುರುತು ಮುಚ್ಚಿಟ್ಟಿದ್ದಾರೆಯೇ, ದೂರು ಕೊಟ್ಟರೂ ತೆಗೆಯುವುದಿಲ್ಲವೇ, ತಾಣದ ಮುಖ್ಯ ಕೆಲಸವೇ ಕಳವಿನ ಸರಕೇ ಎಂಬಂಥ ಪ್ರಶ್ನೆಗಳು ಅವು. ಅಂಥ ತಾಣವೊಂದು ಹೆಸರು ಬದಲಿಸಿ ಬಂದರೆ ಹೊಸ ದಾವೆ ಬೇಡ, ಜಂಟಿ ರಿಜಿಸ್ಟ್ರಾರ್ ಮುಂದೆ ಅರ್ಜಿ ಕೊಟ್ಟು ಹೊಸ ಹೆಸರನ್ನೂ ಪಟ್ಟಿಗೆ ಸೇರಿಸಬಹುದು. 2023ರಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೂ ತಯಾರಾಗದ ಕೃತಿಗಳಿಗೂ ಮೊದಲೇ ರಕ್ಷಣೆ ಕೊಟ್ಟಿತು. ಯೂಟ್ಯೂಬ್ ವಿಡಿಯೊದಿಂದ ಹಾಡನ್ನು ಕಿತ್ತು ಎಂಪಿ3 ಮಾಡಿಕೊಡುವ ಇಪ್ಪತ್ತರಷ್ಟು ತಾಣಗಳಿಗೂ ಆ ವರ್ಷ ದೆಹಲಿಯಿಂದ ಬೀಗ ಬಿತ್ತು.

ದಕ್ಷಿಣದ ರಾಜ್ಯಗಳು ನ್ಯಾಯಾಲಯಗಳಿಗಿಂತ ಬಿಗಿ. ತಮಿಳುನಾಡು 2004ರಲ್ಲೇ ತನ್ನ 1982ರ ಗೂಂಡಾ ಕಾಯ್ದೆಗೆ ವಿಡಿಯೊ ಪೈರಸಿ ಮಾಡುವವರನ್ನು ಸೇರಿಸಿತು. ಕಾಯ್ದೆಯ ಪೂರ್ಣ ಹೆಸರನ್ನು ಓದಿದರೆ ಕಳ್ಳಭಟ್ಟಿಯವರು, ಮಾದಕವಸ್ತು ಮಾರುವವರು, ಅರಣ್ಯ ಅಪರಾಧಿಗಳು, ಮರಳು ಕಳ್ಳರು, ಇವರೆಲ್ಲರ ಸಾಲಿನ ತುದಿಯಲ್ಲಿ ಸಿ.ಡಿ. ನಕಲು ಮಾಡುವವನೂ ನಿಂತಿರುತ್ತಾನೆ. ಮಸಣಿಗುಡಿಯ ಕಾಡಿನಲ್ಲಿ ಮರ ಕಡಿದವನಿಗೂ ಊಟಿಯಲ್ಲಿ ಕಳ್ಳ ಡಿಸ್ಕ್ ಮಾರಿದವನಿಗೂ ಒಂದೇ ಕಾಯ್ದೆ. ಕರ್ನಾಟಕ 2014ರಲ್ಲಿ ತನ್ನ 1985ರ ಕಾಯ್ದೆಯನ್ನು ತಿದ್ದಿ 'ಡಿಜಿಟಲ್ ಅಪರಾಧಿ' ಎಂಬ ಹೊಸ ವರ್ಗ ತಂದಿತು. ವ್ಯಾಪಾರದ ಉದ್ದೇಶದಿಂದ ಪುಸ್ತಕ, ಸಂಗೀತ, ಚಿತ್ರ, ತಂತ್ರಾಂಶಗಳ ಕೃತಿಸ್ವಾಮ್ಯ ಮುರಿಯುವವನು ಈ ವರ್ಗಕ್ಕೆ ಬರುತ್ತಾನೆ. ಇವು ಮುನ್ನೆಚ್ಚರಿಕೆಯ ಬಂಧನದ ಕಾಯ್ದೆಗಳು; ಅಪರಾಧ ಸಾಬೀತಾಗುವ ಮೊದಲೇ ಒಂದು ವರ್ಷದವರೆಗೆ ಒಳಗಿಡಬಹುದು. ಹಾಡಿನ ಕಳವಿಗೆ ಇಷ್ಟು ದೊಡ್ಡ ದೊಣ್ಣೆ ಬೇಕೇ ಎಂದು ಆಗ ವಕೀಲರೂ ಅಂತರ್ಜಾಲ ಹಕ್ಕುಗಳ ಪರ ಇರುವವರೂ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನ್ಯಾಯವಾದದ್ದೇ. 2019ರಲ್ಲಿ 'ಪೈಲ್ವಾನ್' ಚಿತ್ರದ ಪೈರಸಿ ಪ್ರತಿಯ ಕೊಂಡಿಯನ್ನು ಫೇಸ್‌ಬುಕ್‌ನಲ್ಲಿ ಹಂಚಿದ ಆರೋಪದ ಮೇಲೆ ಬೆಂಗಳೂರು ಪೊಲೀಸರ ಕೈಗೆ ಸಿಕ್ಕವನು ಒಬ್ಬ ಹುಡುಗ. ಪ್ರತಿಯನ್ನು ಮೊದಲು ಅಂತರ್ಜಾಲಕ್ಕೆ ಏರಿಸುವ ಜಾಲದವರಿಗೆ ಫೇಸ್‌ಬುಕ್‌ನಲ್ಲಿ ಸ್ವಂತ ಹೆಸರಿನ ಖಾತೆ ಇರುವುದಿಲ್ಲ.

ಇಷ್ಟೆಲ್ಲದರ ನಡುವೆ ಕಳವಿನ ಎಂಪಿ3 ತಾಣಗಳ ಹಿಡಿತ ಸಡಿಲಿಸಿದ್ದು ಮುಖ್ಯವಾಗಿ ಮಾರುಕಟ್ಟೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದದ್ದು, ಸಾವನ್, ಗಾನಾ, 2019ರಲ್ಲಿ ಸ್ಪಾಟಿಫೈ, ಎಲ್ಲಕ್ಕಿಂತ ಹೆಚ್ಚಾಗಿ ಯೂಟ್ಯೂಬ್, ಇವು ಮೆಮೊರಿ ಕಾರ್ಡ್ ತುಂಬಿಸುವ ಕಸುಬನ್ನೇ ಮುಗಿಸಿದವು. ಕಾಸಿಲ್ಲದೆ ಕೇಳಲು ಸಿಗುವಾಗ ಕಾರ್ಡ್ ಬಿಚ್ಚಿ ಅಂಗಡಿಗೆ ಹೋಗುವವರು ಯಾರು? ಕಂಪನಿಗಳಿಗೂ ಜಾಹೀರಾತಿನ ಪಾಲು ಬರತೊಡಗಿತು. ಹಾಡಿನ ಗುರುತನ್ನು ಯಂತ್ರವೇ ಪತ್ತೆ ಹಚ್ಚಿ, ಬೇರೆಯವರು ಹಾಕಿದ ವಿಡಿಯೊದ ಆದಾಯವನ್ನೂ ಹಕ್ಕುದಾರನಿಗೆ ತಿರುಗಿಸುವ ವ್ಯವಸ್ಥೆ ಯೂಟ್ಯೂಬ್‌ನಲ್ಲಿ 2007ರಿಂದಲೇ ಇದೆ.

ಹಾಗಾಗಿ ಜಗಳ ಈಗ ಬೇರೆ ಕಡೆಗೆ ಹೊರಳಿದೆ. 2022ರ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಭಾರತ್ ಜೋಡೊ ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಯಲು ಆದೇಶಿಸಿತು. ಕಾರಣ, ಯಾತ್ರೆಯ ವಿಡಿಯೊಗೆ 'ಕೆಜಿಎಫ್-2' ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರಿತ್ತು. ಯಶವಂತಪುರ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಕೂಡ ಆಗಿತ್ತು. ಮರುದಿನವೇ ಕರ್ನಾಟಕ ಹೈಕೋರ್ಟ್ ಆ ವಿಡಿಯೊ ತೆಗೆಯಬೇಕೆಂಬ ಷರತ್ತಿನ ಮೇಲೆ ಖಾತೆ ತಡೆಯುವ ಆದೇಶವನ್ನು ರದ್ದು ಮಾಡಿತು. ಆದರೆ 2023ರ ಜೂನ್‌ನಲ್ಲಿ ಎಫ್‌ಐಆರ್ ರದ್ದು ಮಾಡಲು ಒಪ್ಪಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು ವಿಮಿಯೊದಲ್ಲಿ ಕಂಡ ಅದೇ ರೋಗ ಇಲ್ಲೂ ಕಾಣುತ್ತದೆ. ಒಂದು ಹಾಡಿನ ತುಣುಕಿಗೆ ಇಡೀ ಖಾತೆಗೆ ಬೀಗ. ವ್ಯತ್ಯಾಸ ಇಷ್ಟೇ, ಈ ಸಲ ಬೀಗ ಬಿದ್ದದ್ದು ದೊಡ್ಡ ವಕೀಲರನ್ನು ಇಟ್ಟುಕೊಳ್ಳಬಲ್ಲವರ ಬಾಗಿಲಿಗೆ. ಆದ್ದರಿಂದ ಒಂದೇ ದಿನದಲ್ಲಿ ತೆರೆಯಿತು.

ಈ ಯಾವ ಪ್ರಕರಣದಲ್ಲೂ ಬಡಗ ಹಾಡಿನ ಹೆಸರಿಲ್ಲ. ನೀಲಗಿರಿಯ ಬಡಗರ ನುಡಿ ಕನ್ನಡದ ಹತ್ತಿರದ ನೆಂಟ. ಅಳಿವಿನ ಅಂಚಿನ ನುಡಿಗಳ ಪಟ್ಟಿಯಲ್ಲಿ ಯುನೆಸ್ಕೊ ಅದನ್ನು ಸೇರಿಸಿದೆ. ಆದರೆ ಹಾಡಿಗೆ ಬರವಿಲ್ಲ. ಮದುವೆಯಲ್ಲಿ, ಹೆತ್ತೆ ಹಬ್ಬದಲ್ಲಿ ಹಾಡು, ಕುಣಿತ ಇದ್ದೇ ಇವೆ. ಕ್ಯಾಸೆಟ್ಟಿನ ಕಾಲದಿಂದ ಬಡಗ ಹಾಡುಗಳ ಧ್ವನಿಮುದ್ರಣವೂ ನಡೆದು ಬಂದಿದೆ. 1979ರಷ್ಟು ಹಿಂದೆಯೇ 'ಕಾಲ ತಪ್ಪಿತ ಪಯಿಲು' ಎಂಬ ಬಡಗ ಚಲನಚಿತ್ರ ಬಂದಿತ್ತು. ಇವನ್ನು ಹೊರತಂದವರು ಸ್ಥಳೀಯವಾಗಿ ಕೈಯಿಂದ ಹಣ ಹಾಕಿದ ಸಣ್ಣ ತಯಾರಕರು. ಅಂಥವರ ಹಾಡು ಕಳವಾದರೆ ಅಶೋಕ್ ಕುಮಾರನ ಮೇಲೆ ದೆಹಲಿ, ಮುಂಬೈಗಳಲ್ಲಿ ದಾವೆ ಹೂಡುವುದಕ್ಕೆ ಆಗುವ ಖರ್ಚಿನಲ್ಲಿ ಇನ್ನೂ ನಾಲ್ಕು ಆಲ್ಬಂ ಮಾಡಬಹುದು.

ಕಾನೂನಿನಲ್ಲಿ ಅವರಿಗೂ ದಾರಿ ಇದೆ, ಅದು ಹೆಚ್ಚು ಜನರಿಗೆ ತಿಳಿದಿಲ್ಲ. ಕೃತಿಸ್ವಾಮ್ಯ ಹುಟ್ಟಲು ನೋಂದಣಿ ಕಡ್ಡಾಯವಲ್ಲ. ಹಾಡು ಧ್ವನಿಮುದ್ರಣವಾದ ಕ್ಷಣದಿಂದಲೇ ಹಕ್ಕು ಇರುತ್ತದೆ. ಯೂಟ್ಯೂಬ್‌ನಂಥ ತಾಣಕ್ಕೆ ದೂರು ಕೊಡಲು ವಕೀಲರು ಬೇಕಿಲ್ಲ. ಕೋರ್ಟಿಗೇ ಹೋಗಬೇಕಾಗಿ ಬಂದರೂ ಕಾಯ್ದೆಯ 62ನೇ ಕಲಮು ಒಂದು ಅಪರೂಪದ ಅನುಕೂಲ ಕೊಡುತ್ತದೆ. ಸಾಮಾನ್ಯ ದಾವೆಯಲ್ಲಿ ಹೆಚ್ಚಾಗಿ ಪ್ರತಿವಾದಿ ಇರುವ ಊರಿಗೆ ಹೋಗಬೇಕು; ಕೃತಿಸ್ವಾಮ್ಯದ ದಾವೆಯನ್ನು ವಾದಿ ತಾನು ವಾಸವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಇತ್ತಲಾರ್‌ನ ಹಾಡುಗಾರನಿಗೆ ಅದು ಊಟಿ.

ಹಳೆಯ ಕ್ಯಾಸೆಟ್ಟುಗಳ ಕಥೆ ಬೇರೆ. ಬಾಯಿಂದ ಬಾಯಿಗೆ ಬಂದ ಜನಪದ ಹಾಡಿಗೆ ಒಡೆಯನಿಲ್ಲ, ಯಾರೂ ಹಾಡಬಹುದು. ಅದನ್ನು ಹಾಡಿ ಮುದ್ರಿಸಿದ ಕ್ಯಾಸೆಟ್ಟಿಗೆ ಮಾತ್ರ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು. 1985ರಲ್ಲಿ ಬಂದ ಕ್ಯಾಸೆಟ್ಟು ಎಲ್ಲರದಾಗುವುದು 2045 ಮುಗಿದ ಮೇಲೆ. ತಯಾರಕ ಅಂಗಡಿ ಮುಚ್ಚಿರುತ್ತಾನೆ, ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿದಿರುತ್ತದೆ. ಹಟ್ಟಿಯ ಹುಡುಗನೊಬ್ಬ ಮನೆಯಲ್ಲಿ ಉಳಿದ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬ್‌ಗೆ ಹಾಕಿದರೆ ಆ ಹಾಡು ಉಳಿಯುತ್ತದೆ, ಕಾಗದದ ಮೇಲೆ ಅವನು ಅಶೋಕ್ ಕುಮಾರ್ ಆಗುತ್ತಾನೆ. ಒಡೆಯ ತೀರಿಕೊಂಡಿದ್ದರೆ, ಪತ್ತೆಯಾಗದಿದ್ದರೆ ಏನು ಮಾಡಬೇಕೆಂದು ಕಾಯ್ದೆ ಯೋಚಿಸಿಲ್ಲವೆಂದಲ್ಲ. 31ಎ ಕಲಮಿನಡಿ ಪರವಾನಗಿಗೆ ಅರ್ಜಿ ಹಾಕಬಹುದು, ನಿಗದಿಯಾದ ರಾಯಲ್ಟಿಯನ್ನು ಠೇವಣಿ ಇಟ್ಟು ಪ್ರಕಟಿಸಬಹುದು. ಅರ್ಜಿಗೂ ಮೊದಲು, ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎಂಬುದು ಅದೇ ಕಲಮಿನ ಷರತ್ತು. ಕ್ಯಾಸೆಟ್ಟು ಬಡಗ ನುಡಿಯದಾದರೂ, ಅದರ ಒಡೆಯ ಇದ್ದರೆ ನೀಲಗಿರಿಯ ಯಾವುದೋ ಹಟ್ಟಿಯಲ್ಲೇ ಇರುತ್ತಾನೆಂದು ಎಲ್ಲರಿಗೂ ಗೊತ್ತಿದ್ದರೂ, ಪ್ರಕಟಣೆ ಮಾತ್ರ ಇಂಗ್ಲಿಷ್ ಪತ್ರಿಕೆಯಲ್ಲಿಯೇ ಬರಬೇಕು.